ರೂಮಿಲ್ಲ

ಲಾಡ್ಜ್ ಅಂತ ಬೋರ್ಡು ಹಾಕಿದ ಮೇಲೆ ಜನ ಕೇಳುವುದೇ.
ದುರ್ಗಿಗುಡಿಯ ಹಿಂದಿನ ಓಣಿ, ರಾತ್ರಿ ಒಂಬತ್ತು,
ಮುಚ್ಚಿದ ಕದದ ಹೊರಗೆ ಕತ್ತಿ ಹಿಡಿದು ನಾನು.
"ಡಬಲ್ ರೂಮಿಗೆ ಎಷ್ಟು ಸಾರ್?"
ಕತ್ತಿ ನೋಡಿಯೂ ಕೇಳುತ್ತಾರೆ.

ಹದಿನೇಳು ವರ್ಷದ ಕಾವಲು.
ಒಳಗಿನದು ಹೊರಗೆ ಬರಬಾರದು, ಹೊರಗಿನದು ಒಳಗೆ.
ಒಳಗಾದರೂ ಏನಿದೆ?
ಹಲ್ಲಿನ ಡಾಕ್ಟರು ನಿಸಾರ್, ವಕೀಲ ಗಜಾನನ ಪೈ,
ರೈಲ್ವೆ ಗಾರ್ಡ್ ಮೊಂತೇರೊ ಇದ್ದರು, ಈಗ ಕುರ್ಚಿಯಿದೆ.
ಹನ್ನೊಂದು ಏಪ್ರನ್ನು, ಆರು ಮಂಡಿ ಆಪರೇಶನ್ನು.
"ಮಂಡಿಯೂರಿ" ಎಂದಾಗ ಯಾರೋ ಕಿಸಕ್ಕೆನ್ನುತ್ತಾರೆ.
ಗುಟ್ಟಿನ ಮಾತನ್ನು ಮೊಮ್ಮಗಳು ಫೋನಿನಲ್ಲಿ ಹುಡುಕಿ
ಊಟದ ಹೊತ್ತಿಗೆ ಓದಿ ಹೇಳಿದಳು, ಉಚ್ಚಾರಣೆ ಸಮೇತ.
ನಾನು ಇನ್ನೊಂದು ಸೌಟು ಸಾರು ಬಡಿಸಿಕೊಂಡೆ.
ಹೆಂಡತಿ ಮಾತ್ರ ಇಷ್ಟು ವರ್ಷ ಏನೂ ಕೇಳಿಲ್ಲ;
ಅದು ಯಾವ ಗುಟ್ಟೋ.

ತಿಂಗಳ ಮೊದಲಿಗೆ ಕಪ್ಪುಬಿಳಿ ನೆಲ ಉಬ್ಬಿತು.
ಭದ್ರಾವತಿಯಿಂದ ಮೇಸ್ತ್ರಿ ಆರೋಗ್ಯಸ್ವಾಮಿ ಬಂದ.
ಕರಣೆ, ಮೂಲೆಮಟ್ಟ, ರಸಮಟ್ಟ, ತೂಗುಗುಂಡು:
ನಾವು ಬೆಳ್ಳಿಯಲ್ಲಿ ಮಾಡಿಸಿ ಕೊರಳಿಗೆ ಹಾಕಿಕೊಳ್ಳುವುದನ್ನೆಲ್ಲ
ಗೋಣಿಚೀಲದಿಂದ ನೆಲಕ್ಕೆ ಸುರಿದ.
"ಇಲ್ಲಿ ಏನ್ ಕಟ್ತೀರಿ ಸಾರ್?"
ಮನುಷ್ಯನನ್ನು, ಅಂದೆ. ಪುಸ್ತಕದಲ್ಲಿ ಹಾಗೇ ಇದೆ.
ಅವನು ನಗಲಿಲ್ಲ. "ಕ್ಯೂರಿಂಗ್ ಆಗ್ಬೇಕು ಸಾರ್.
ಇಪ್ಪತ್ತೊಂದು ದಿನ ನೀರು. ಯಾರೂ ಹಾಕಲ್ಲ."
ಆಮೇಲೆ ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ,
"ಆ ದೊಡ್ಡ ಕುರ್ಚಿ ಹಿಂದಿನ ಕಂಬ ಅರ್ಧ ಇಂಚು ವಾಲಿದೆ.
ಕಟ್ಟಿದಾಗಿಂದ್ಲೇ."
ಅದಕ್ಕೊರಗಿ ಎಷ್ಟು ಜನ
ನೇರ ನಡೆಯ ಬಗ್ಗೆ ಮಾತಾಡಿದರೋ!

ಹೊಸ್ತಿಲಿಗೂ ಸಿಮೆಂಟು ಬಳಿದು ಹೊರಟವನಿಗೆ
ಕೂಲಿ ಎಣಿಸಿ, ಕೈ ಕುಲುಕಿದೆ.
ಅಭ್ಯಾಸಬಲ. ಹೆಬ್ಬೆರಳು ತಾನೇ ಹೋಗಿ
ಅವನ ಬೆರಳಿನ ಗೆಣ್ಣು ಒತ್ತಿತು.
ಬೆಚ್ಚಿದ. "ಅಲ್ಲೇ ಸಾರ್, ಹೋದ್ವರ್ಷ ಕಲ್ಲು ಬಿದ್ದಿದ್ದು ಅಲ್ಲೇ.
ಹೆಂಗ್ ಗೊತ್ತಾಯ್ತು?"

ಗೊತ್ತಿರಲಿಲ್ಲ.
ಸೋದರ ಎಂಬ ಪದ ನಾಲಿಗೆಯ ತುದಿಗೆ ಬಂತು,
ಚಂದಾ ಪುಸ್ತಕ ನೆನಪಾಯಿತು,
ನುಂಗಿದೆ.

ನಿನ್ನೆ ಮತ್ತೆ ಕದ ಮುಚ್ಚಿತು. ಒಳಗೆ ಮೂರು ಬಡಿತ.
ಮೆಟ್ಟಿಲ ಬುಡದಲ್ಲಿ ಒಬ್ಬ, ಕಂಕುಳಲ್ಲಿ
ಮೆಗ್ಗಾನ್ ಆಸ್ಪತ್ರೆಯ ಎಕ್ಸ್‌ರೇ ಕವರು,
ಕೊಪ್ಪದ ಕೊನೆ ಬಸ್ಸು ತಪ್ಪಿಸಿಕೊಂಡವನು. "ರೂಮು..."

ರೂಮಿಲ್ಲ, ಅಂದೆ.
ಕತ್ತಿಯನ್ನು ಗೋಡೆಗೆ ಒರಗಿಸಿದೆ.
ಬೆಂಚಿದೆ. ಫ್ಯಾನು ಸ್ವಲ್ಪ ಸದ್ದು ಮಾಡುತ್ತೆ.
ಹೊಸ್ತಿಲು ಮಾತ್ರ ನೋಡಿಕೊಂಡು ದಾಟಿ;
ಇವತ್ತಿಗೆ ಹದಿನೆಂಟನೇ ದಿನ,
ಈಗಷ್ಟೇ ನೀರು ಹಾಕಿದ್ದೇನೆ.