ಗಾಜಿನ ಅರಳೆ

ವಿನಿಪೆಗ್‌ನ ಉತ್ತರ ತುದಿ, ಫೆಬ್ರವರಿಯ ಶನಿವಾರ,
ಮಕ್ಕಳಿಲ್ಲದ ಶಾಲೆ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಜವಾನ ಒರೆಸ್ಟ್ ಬಾಗಿಲು ತೆಗೆದು, ಬೂಟಿನ ಹಿಮ ಒದರಿ
ಮೊದಲು ತೋರಿಸಿದ್ದು ಒಂದು ಒದ್ದೆ ಬಟ್ಟೆ:
"ನಿನ್ನೆ ಸಂಜೆ ಒರೆಸಿದ ಮೇಜು. ಬೆಳಿಗ್ಗೆಗೆ ಇಷ್ಟು."
ಬಟ್ಟೆಯಲ್ಲಿ ಕಾಡಿಗೆ. ಕಾಡಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಮಿಂಚು.

ಗ್ರಂಥಾಲಯದ ಚಾವಣಿಯಲ್ಲಿ ಗಾಳಿ ಇಳಿಯುವ ಜಾಲರಿ,
ಸುತ್ತ ಕಪ್ಪು ಕಿರಣಗಳು, ಮಗು ಬರೆದ ಸೂರ್ಯನ ಹಾಗೆ,
ಬಣ್ಣದ ಡಬ್ಬಿಯಲ್ಲಿ ಕರಿಯದೊಂದೇ ಉಳಿದಿತ್ತು ಎಂಬಂತೆ.
ಸೋಮವಾರ ಬಂದು ಶನಿವಾರ ಹೋಗುವ ಒಂದು ಕೆಮ್ಮು
ಇದರ ಕೆಳಗೇ ಕೂತು ಓದುತ್ತದಂತೆ.
ಕೀಗನ್ ಎಂಬ ಹುಡುಗ, ಎರಡನೇ ಕ್ಲಾಸು.
ಪೆನ್ಸಿಲ್ ಮರೆತಾನು, ಜೇಬಿನ ನೀಲಿ ಪಂಪು ಮರೆಯ.

ನಾನು ವೈದ್ಯಳಲ್ಲ. ಕೆಮ್ಮಿನ ವಿಷಯಕ್ಕೆ ಉಸಿರೆತ್ತುವುದಿಲ್ಲ.
ತಗಡಿನವಳು ನಾನು, ಇಪ್ಪತ್ತಾರು ವರ್ಷದಿಂದ.
ರೊಡೆಲ್ ಏಣಿ ಹಿಡಿದ. ಜಾಲರಿ ಬಿಚ್ಚಿ
ಗಾಳಿಯ ಗಂಟಲಿಗೆ ಕ್ಯಾಮೆರಾ ಇಳಿಸಿದೆ,
ವೈದ್ಯರ ಹಾಗೆಯೇ,
"ಆ" ಅನ್ನು, ಎನ್ನುವುದೊಂದು ಬಿಟ್ಟು.

ಪರದೆಯ ಮೇಲೆ
ಒಂದು ಕಾಲಕ್ಕೆ ಹಳದಿಯಾಗಿದ್ದದ್ದು:
ಒಳಮೈಗೆ ಅಂಟಿಸಿದ ಗಾಜಿನ ಅರಳೆ, ಹೆಬ್ಬೆರಳ ದಪ್ಪ,
ಮೇಲಿನ ಲೇಪ ಹಾಲಿನ ಕೆನೆಯಂತೆ ಸುಕ್ಕಾಗಿ, ಒಡೆದು,
ಅಲ್ಲಲ್ಲಿ ಕಜ್ಜಿ ಹತ್ತಿದ ನಾಯಿಯ ಬೆನ್ನು.
ಎಂದೋ ಚಾವಣಿ ಸೋರಿ ನೆನೆದ ಕಡೆ
ಬೂಷ್ಟು. ಮಖಮಲ್ಲಿನ ಹಾಗೆ. ನೋಡಲು ಚೆಂದವೇ.
ಫ್ಯಾನು ತಿರುಗಿದಾಗೆಲ್ಲ ಒಂದೆಳೆ, ಅರ್ಧೆಳೆ,
ಯಾರೋ ಒಳಗೆ ಕೂತು ಸಾವಕಾಶ ನೂತು
ಕೆಳಗಿನ ಕೋಣೆಗೆ ಕಳಿಸುತ್ತಿರುವಂತೆ.

"ಯಾರು ಹಾಕಿದರು ಇದನ್ನ?" ಎಂದ ರೊಡೆಲ್.
ಅವನಿಗೆ ಇಪ್ಪತ್ತೆರಡು. ಬಾಯಲ್ಲಿ ಬೈಗುಳ ತಯಾರಿತ್ತು.
ಒಳ್ಳೆಯವರೇ ಹಾಕಿದರು ಕಣೋ, ಎಂದೆ.
ಬರೀ ತಗಡಾದರೆ ಗಾಳಿ ಗುಡುಗುತ್ತದೆ.
ಮಕ್ಕಳಿಗೆ ಟೀಚರ ದನಿ ಕೇಳಲಿ ಎಂದು ಹಾಕಿದರು.
ಗದ್ದಲವನ್ನೆಲ್ಲ ನುಂಗಿಕೊಂಡು ಸುಮ್ಮನಿತ್ತು.
ಐವತ್ತು ವರ್ಷ.
ಈಗ ಕಕ್ಕುತ್ತಿದೆ.

ಬಿಳಿ ಕವಚ, ಮೂತಿಗೆ ಎರಡು ಡಬ್ಬಿಯ ಮಾಸ್ಕು,
ಬಾಗಿಲಿಗೆಲ್ಲ ಪ್ಲಾಸ್ಟಿಕ್. ಹೀಟರ್ ಆರಿಸಿದ್ದರಿಂದ
ಬೆವರೂ ತಣ್ಣಗಿತ್ತು. ಮೊಣಕೈಯಲ್ಲಿ ತುರಿಕೆ;
ಅದು ನನ್ನ ಸಂಬಳದ ಒಂದು ಭಾಗ,
ಮನೆಯಲ್ಲಿ ನನ್ನ ಬಟ್ಟೆಗೆ ಬೇರೆ ಬುಟ್ಟಿ.
ಕೆರೆದೆವು, ಹೀರಿದೆವು, ಕಟ್ಟಿದೆವು. ಮೂವತ್ತೆಂಟು ಚೀಲ.
ಎಷ್ಟು ಹಗುರವೆಂದರೆ
ರೊಡೆಲ್ ಒಂದೊಂದು ಕೈಗೆ ಮೂರು ಹಿಡಿದು ಕುಣಿಸುತ್ತ ನಡೆದ.

ಭಾನುವಾರ ಮಧ್ಯಾಹ್ನ, ಕೊನೆಯ ತಿರುವಿನಲ್ಲಿ,
ಅರಳೆ ಕಿತ್ತಾಗ ತಗಡಿನ ಮೇಲೆ ಪೆನ್ಸಿಲ್ಲಿನ ಬರಹ:
ಹದಿನಾಲ್ಕು ಇಪ್ಪತ್ತು, ಒಂದು ಬಾಣ,
ಬಾಣದ ಕೆಳಗೆ, "ನಾವು ನಾಲ್ಕು, ಅವರು ಎರಡು."
ಯಾವ ಆಟವೋ, ಯಾರು ಅವರೋ.
ಗೆದ್ದ ಮರುದಿನ ಕೆಲಸಕ್ಕೆ ಬಂದವನ ಅಕ್ಷರ,
ದುಂಡಗೆ, ಅವಸರವಿಲ್ಲದೆ.
ಅವನಿಗೆ ಮಾಸ್ಕು ಇದ್ದಿರಲಾರದು.
ಎಲ್ಲ ಒರೆಸಬೇಕೆಂದು ನಿಯಮ.
ಸುತ್ತಲೂ ಒರೆಸಿದೆ.

ಸೋಮವಾರ ಹತ್ತಕ್ಕೆ ಫೋನು. ಗ್ರಂಥಪಾಲಕಿ ಥೀಸನ್:
"ಮೇಲೆ ರೈಲು ಬಿಟ್ಟು ಹೋಗಿದ್ದೀರಾ?
ಮಕ್ಕಳು ಪುಸ್ತಕ ಬಿಟ್ಟು ಚಾವಣಿ ನೋಡುತ್ತಿದ್ದಾರೆ.
ಅಲ್ಲಿಂದ ಗಾಳಿ ಬರುತ್ತದೆಂದೇ ಗೊತ್ತಿರಲಿಲ್ಲವಂತೆ ಅವಕ್ಕೆ."
ಹೊರಮೈಗೆ ಹೊದಿಕೆ ಹೊಲಿಯುತ್ತೇವೆ, ಎಂದೆ,
ಸದ್ದು ಅಡಗಿಸುವ ಪೆಟ್ಟಿಗೆ ಮಾರ್ಚಿಗೆ ಬರುತ್ತದೆ,
ಅಲ್ಲಿಯತನಕ ಸ್ವಲ್ಪ ಜೋರಾಗಿ ಓದಿ.

ಆ ಹುಡುಗ ಹೇಗಿದ್ದಾನೆ, ಎಂದು ಬಾಯಿಗೆ ಬಂತು.
ಕೇಳಲಿಲ್ಲ. ಒಂದು ಸೋಮವಾರಕ್ಕೆ ಏನು ಗೊತ್ತಿರುತ್ತದೆ?
ಅವಳು ಮಾತಾಡುತ್ತಲೇ ಇದ್ದಳು. ನಾನು ಫೋನು ಒತ್ತಿ ಹಿಡಿದು
ಅವಳ ದನಿಯ ಹಿಂದಕ್ಕೆ ಕಿವಿ ಇಟ್ಟೆ,
ಒಂದು ಕೆಮ್ಮು ಇದೆಯೋ, ಇಲ್ಲವೋ ಎಂದು.

ತಗಡು ಬಹಳ ಗುಡುಗುತ್ತಿತ್ತು.