ಬೆಳ್ಳಿ ತುಂಬದ ಝ

ಗಾಲ್ಫ್ ಅಂದ್ರ ನಂಗ ತಿಳಿಯೂದಿಲ್ಲ ಝರೆಪ್ಪ, ಖರೆ ಹೇಳ್ತೀನಿ.
ವಿಮಾನದವರ ತಂತಿಬೇಲಿ ಆಚೆ
ಕೆಂಪು ಬಯಲಿನಾಗ ನೀ ನಡೀತಿದ್ದಿ,
ನಾ ಈಚೆ, ಚೌಬಾರಾದ ಹಿಂದಿನ ಓಣಿಯಾಗ
ಮೊಣಕಾಲ ನಡುವ ಸುರಾಹಿ ಹಿಡದು ಕೆತ್ತತಿದ್ದೆ.
ನಿನ್ನ ಹೆಸರು ಮಾತ್ರ ನನ್ನ ಕೈಗೆ ಬಾಯಿಪಾಠ:
ಒಂಬತ್ತು ವರ್ಷದಾಗ ಏಳು ಸಲ
ಅದರ ಕುತ್ತಿಗಿ ಸುತ್ತ ಬರದೀನಿ.

ಝ ಬಲು ತಂಟೆ ಅಕ್ಷರ.
ಎಂಟು ಸಲ ಉಳಿ ತಿರುಗಬೇಕು,
ಬೆಳ್ಳಿ ತಂತಿ ಅದರ ಹೊಟ್ಟ್ಯಾಗ ಕುಂದ್ರೂದಿಲ್ಲ, ಜಿಗೀತದ.
'ರಾಜು ಅಂತ ಯಾಕ ಇಡಲಿಲ್ಲೋ ನಿಮ್ಮಪ್ಪ?' ಅಂದ್ರ
'ಎದಿಮಟ ನೀರಾಗ ನಡದು ಹರಕಿ ಹೊತ್ತು ಪಡದಾರ,
ಝರಣಿ ನರಸಿಂಹನ ಸಾಲ ಅದು' ಅಂತ ನಗತಿದ್ದಿ.

ಚೆಂಡು ಹೆಕ್ಕಲಿಕ್ಕ ಹೋದಾಂವ ನೀ, ಹತ್ತು ವರ್ಷದಾಂವ,
ಚೆಂಡಿಗಿ ಎಂಟಾಣೆ.
ಮುರಕ ಛತ್ರಿ ಕೋಲಿಗಿ ಕುದುರಿ ಲಾಳ ಬಡದು
ಮೊದಲ ಕೋಲು ಮಾಡ್ಕೊಂಡಿ.
ಅಲ್ಲಿ ಹುಲ್ಲಿಲ್ಲಂತ. ಕುಳಿ ಸುತ್ತ ಉಸುಕಿಗಿ
ಲಾರಿಯ ಸುಟ್ಟ ಎಣ್ಣಿ ಕಲಸಿ ಹಾಸ್ತಾರಂತ,
ಚೆಂಡು ಹೋದಲ್ಲೆಲ್ಲ ಗೆರಿ ಮೂಡತದಂತ.
'ನಿಂದೂ ನಂದೂ ಒಂದೇ ಕಸಬು,
ಕರಿ ಮ್ಯಾಲ ಗೆರಿ' ಅಂದಿದ್ದಿ ಒಮ್ಮೆ.

ಮುಂದ ಪಶು ದವಾಖಾನಿ ಕಂಪೌಂಡರ್.
ಅಡ್ಡಾದ ಕರು ಹೊರಗ ಎಳಿಯೋ ಕೈ
ಕೋಲು ಹಿಡದ್ರ ಸಪ್ಪಳ ಆಗ್ತಿರಲಿಲ್ಲಂತ.
ಪುಣೆ, ಸಿಕಂದರಾಬಾದ್, ಬೆಳಗಾವಿ,
ರಜಾ ಹಾಕಿ, ನೂಕುನುಗ್ಗಲ ಡಬ್ಬಿಯೊಳಗ
ಕೋಲಿನ ಚೀಲ ಕೂಸಿನಂಗ ತೊಡಿ ಮ್ಯಾಲ.
'ಭಜನಿ ಮಂಡಳಿ ಏನು?' ಅಂದನಂತ ಟಿಸಿ.
ನೀ ಹೌದಂದಿ.

ರೊಕ್ಕಕ್ಕ ಆಡು ಅಂತ ಪುಣೆದ ಸೇಠ ಬಂದಿದ್ದ,
ಕಾಗದ ಮುಂದಿಟ್ಟ. ಚಾ ಕುಡಿಸಿ ಕಳಿಸಿದಿ.
'ಬೆಳಿಗ್ಗಿ ಎಮ್ಮಿಗೋಳು ಕಾಯ್ತಿರತಾವ' ಅಂದಿ ನನಗ.
ಅದು ಪೂರಾ ಉತ್ತರ ಅಲ್ಲ.
ಪೂರಾ ಉತ್ತರ ನಾ ಕೇಳಲಿಲ್ಲ.
ಮನಿಯಾಗ ಕಸ್ತೂರಬಾಯಿ ಮಾತ್ರ ಬೈತಿದ್ದಳು:
ಒಂದು ಸುರಾಹಿಯಾಗ ಚಿಲ್ಲರ, ಒಂದರಾಗ ಸೂಜಿ ಗುಂಡಿ,
ಉಳದ ಐದರಾಗ ಜಿರಳಿ!

ಎಂಟನೇದು ಬರಬೇಕಿದ್ದ ದಿನ
ಮಧ್ಯಾಹ್ನ ಫೋನ್: ಎರಡು ಕುಳಿ ಉಳಿದಾವ, ಝರೆಪ್ಪನೇ ಮುಂದ,
ಕತ್ತಲಾಗೂದ್ರೊಳಗ ಸುರಾಹಿ ಬೇಕು.
ನಾ ಕಾಯಲಿಲ್ಲ, ಉಳಿ ಹಚ್ಚಿದೆ.
ಝ ಮುಗಿದಿತ್ತು, ತಂತಿ ಕೈಯಾಗಿತ್ತು,
ಮತ್ತ ಫೋನ್.
ನಿಲ್ಲಸು. ಬ್ಯಾರೆ ಹೆಸರು ಬರಕೊ.

ಜಾಲಿ ಬುಡಕ ಚೆಂಡು ಇತ್ತಂತ.
ನೀ ಬಗ್ಗಿ ಒಣ ಕಡ್ಡಿ ಸರಿಸಿದಾಗ
ಜೋಳದ ಕಾಳಿನಷ್ಟು ಹೊರಳಿತಂತ.
ಯಾರೂ ನೋಡಿರಲಿಲ್ಲ,
ಚೀಲ ಹೊತ್ತ ಹುಡುಗ ಮ್ಯಾಲ ವಿಮಾನ ನೋಡಲತ್ತಿದ್ದ.
ನೀ ಕೈ ಎತ್ತಿದಿ:
'ಒಂದು ಏಟು ನನ್ನ ಹೆಸರಿಗಿ ಬರ್ಕೊಳ್ರಿ.'
ಒಂದೇ ಏಟಿಗಿ ಸೋತಿ.

ನಂಗ ಸಿಟ್ಟು ಬಂತು ನಿನ್ನ ಮ್ಯಾಲ.
ಸತುವಿನಾಗ ಕಡದದ್ದು ಅಳಸಲಿಕ್ಕ ಬರೂದಿಲ್ಲೋ ಮಾರಾಯ.
ಆ ಝ ಸುತ್ತ ಬಳ್ಳಿ ತಿರುವಿದೆ, ಎಲಿ ಹಚ್ಚಿ ಮುಚ್ಚಿದೆ,
ಹೊಟ್ಟಿಗಿ ಬೆಳ್ಳಿ ಹಾಕಲಿಲ್ಲ.
ಕಿಲ್ಲಾದ ಮಣ್ಣು ನಾಲಿಗಿಗಿ ಹಚ್ಚಿ ನೋಡಿ
ನವಸಾಗರದ ಜೋಡಿ ಕುದಿಸಿ ಅದ್ದಿದೆ.
ಆ ಪೈಲಟ್ ಹುಡುಗನ ಹೆಸರು ಬೆಳ್ಳಗ ಎದ್ದು ನಿಂತಿತು,
ನಿನ್ನದು ಕರ್ರಗ, ಕರಿಯೊಳಗ.

ಒಯ್ಯಲಿಕ್ಕ ನೀನೇ ಬಂದಿ, ಸೈಕಲ್ ಮ್ಯಾಲ.
ಕುತ್ತಿಗಿ ಮ್ಯಾಲ ಹೆಬ್ಬೆರಳು ಆಡಿಸಿ, ಒಂದು ಕಡಿ ನಿಂತಿ.
'ಇದೇನೋ ಇಲ್ಲಿ?'
'ಎಲಿ.'
'ಎಲಿ ಎಂಟು ಸಲ ತಿರುಗತದೇನೋ?' ಅಂದಿ,
ಅಂದು, ಚಾ ಹೇಳಂದಿ.