ಮೂರನೇ ಸಿಲಿಂಡರ್

ಸ್ಕ್ರೂಡ್ರೈವರಿನ ಮೊನೆ ಇಂಜಿನ್ನಿನ ಮೇಲೆ,
ಹಿಡಿ ನನ್ನ ಕಿವಿಯ ಹಿಂದಿನ ಎಲುಬಿಗೆ.
ಹಾಸನದ ಡಿಪೋದಲ್ಲಿ ಇಪ್ಪತ್ತಾರು ವರ್ಷ
ಇಷ್ಟೇ ನನ್ನ ವೈದ್ಯ.
"ರಂಗಶೆಟ್ಟಿ ಹೇಳಿದನಾ? ಹಂಗಾದ್ರೆ ಬಿಚ್ಚಿ."
ಬಿಚ್ಚಿದರೆ ಅಲ್ಲೇ ಕೂತಿರುತ್ತಿತ್ತು ರೋಗ.

ಆಮೇಲೆ ನನಗೇ ಬಂತು ಕ್ಷಯ.
ಸೂಜಿಮದ್ದು ಎದೆಯನ್ನು ಉಳಿಸಿಕೊಟ್ಟು
ಕೂಲಿಗೆ ಎರಡೂ ಕಿವಿ ಕೇಳಿ ಪಡೆಯಿತು.
ಸ್ಟೋರಿಗೆ ಹಾಕಿದರು, ನಟ್ಟು ಎಣಿಸಲು.
ನಾಲ್ಕು ವರ್ಷ
ಚೆನ್ನಾಜಮ್ಮ ಮೊಮ್ಮಗಳ ಸ್ಲೇಟಿನಲ್ಲಿ ಜಗಳವಾಡಿದಳು,
ಕಾಗುಣಿತ ತಪ್ಪಿ ಬೈದಳು,
ಒರೆಸಿ ಮತ್ತೆ ಬೈದಳು.

ಮೈಸೂರಿನಲ್ಲಿ ಎಲುಬು ಕೊರೆದು
ಬಸವನಹುಳುವಿನಂಥ ಸುರುಳಿಯೊಳಕ್ಕೆ
ಇಪ್ಪತ್ತೆರಡು ಚುಕ್ಕಿಯ ತಂತಿ ತೂರಿಸಿ
ಚರ್ಮದಡಿ ಆಯಸ್ಕಾಂತ ಇಟ್ಟು ಹೊಲಿದರು.
ವೈರಿಂಗು ಗೊತ್ತಿದ್ದವನು, ಹೆದರಲಿಲ್ಲ.
ಹೆದರಿದ್ದು ತಿಂಗಳ ಮೇಲೆ,
ಶೆರ್ಲಿ ಮೇಡಂ ಕಂಪ್ಯೂಟರಿನ ಮುಂದೆ ಕೂತು
"ಈಗ" ಎಂದು ತುಟಿಯಾಡಿಸಿದಾಗ.

ಅದು ದನಿಯಲ್ಲ.
ಡಬ್ಬಿಯಲ್ಲಿ ನಟ್ಟು ಹಾಕಿ ಕುಲುಕಿದ ಹಾಗೆ.
ಚೆನ್ನಾಜಮ್ಮ ಹತ್ತಿರ ಬಗ್ಗಿ "ಕೇಳ್ತೈತಾ?" ಅಂದಳಂತೆ.
"ಯಾರೋ ತಗಡು ಕೆರೀತಾವ್ರೆ" ಅಂದೆ ನಾನು.
ಅವಳು ಚೀಲದಲ್ಲಿ ಸ್ಲೇಟು ತಡಕಿದಳು.
ತಂದಿರಲಿಲ್ಲ.

ಹೊಸ ಪಿಸ್ಟನ್ ಕೂರಿಸಿದ ಗಾಡಿ, ನಿಧಾನ ಓಡಿಸಬೇಕು,
ಎಂದು ನನಗೆ ನಾನೇ ಹೇಳಿಕೊಂಡೆ.
ದಿನಾ ಸಂಜೆ ಅಡುಗೆಮನೆಯಲ್ಲಿ ಪಾಠ.
ಸೆರಗಿನಲ್ಲಿ ಬಾಯಿ ಮುಚ್ಚಿ ಅವಳು "ಉಪ್ಪು."
ನಾನು "ಸೊಪ್ಪು?"
"ಉಪ್ಪು ಕಣಯ್ಯಾ."
"ತುಪ್ಪ?"
"ಬೆಪ್ಪು!"
ಅದೊಂದು ಮಾತ್ರ ಮೊದಲ ಸಲಕ್ಕೇ ಕೇಳಿಸಿತು.

ಮೊನ್ನೆ ಅರಸೀಕೆರೆ ಗಾಡಿ ಬಂದಾಗ
ಜಬ್ಬಾರ್ ತೋಳು ಹಿಡಿದು ಎಳೆದೊಯ್ದ.
ಚಾಸಿಯ ಕೆಳಗೆ ತಲೆ ತೂರಿಸಿದ್ದೇ ತಡ
ತಲೆಯ ಬಿಲ್ಲೆ ಚಂಗನೆ ನೆಗೆದು
ಕಬ್ಬಿಣಕ್ಕೆ ಅಂಟಿಕೊಂಡಿತು.
ಡಿಪೋ ಪೂರ್ತಿ ಆರಿಹೋಯಿತು.

ಹುಡುಗರ ನಗೆ ಕಂಡಿತು, ಹಲ್ಲು ಹಲ್ಲು.
ಕೀಳಲು ಕೈ ಎತ್ತಿದವನು ಹಾಗೇ ನಿಂತೆ.
ಒಂದು ನಿಮಿಷ ಬಸ್ಸೇ ಕೇಳಿಸಿಕೊಳ್ಳಲಿ,
ಇಷ್ಟು ವರ್ಷ ಅದರ ಗೋಳು ನಾನು ಕೇಳಲಿಲ್ಲವೇ.
ಅಂಗೈ ಬ್ಲಾಕಿನ ಮೇಲಿಟ್ಟೆ.
ನಡುಕ ಬಂತು: ಒಂದು, ಎರಡು,
ಮೂರು ಕುಂಟಿತು,
ನಾಲ್ಕು.

ಕೈ ತೆಗೆಯದೆ, ಬಿಲ್ಲೆ ಕಿತ್ತು ತಲೆಗೆ ಹಾಕಿದೆ.
ಡಬ್ಬಿಯ ನಟ್ಟು, ಡಬ್ಬಿಯ ನಟ್ಟು,
ಒಂದು ನಟ್ಟು ಕಡಿಮೆ,
ಮತ್ತೆ ನಟ್ಟು.
ಓಹೋ, ಕುಂಟುವುದಕ್ಕೆ ಈ ಭಾಷೆಯಲ್ಲಿ
ಹೀಗನ್ನುತ್ತಾರೆ.

"ಮೂರನೇದು ಕಣೋ. ಇಂಜೆಕ್ಟರ್ ಬಿಚ್ಚು."
ಜಬ್ಬಾರ್ ಸ್ಪ್ಯಾನರ್ ಎತ್ತಿಕೊಳ್ಳುತ್ತಾ ಏನೋ ಅಂದ.
ಒಪ್ಪಿದೆ ಅಂದನೋ ಏನೋ,
ನನಗೆ ಉಪ್ಪು ಎಂದು ಕೇಳಿಸಿತು.